ದಿನಕ್ಕೊಂದು ಮದುವೆ ಅಳಿಸಿದವಳು

ಹೆತ್ತ ಅರವತ್ತೇಳನೆಯ ದಿನ, ಮಂಗಳವಾರ ಮಧ್ಯಾಹ್ನ ಎರಡೂಕಾಲಕ್ಕೆ, ವಾರಿಜಾ ಒಂದು ನದಿ ದಾಟಬೇಕಾಗಿತ್ತು. ದಾಟುವ ಮೊದಲು ಒಂದು ಮದುವೆಯನ್ನು ಅಳಿಸಿಹಾಕಿದಳು.

ಹೀಗೆಂದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಮೊದಲು ಆ ಕೋಣೆಯ ವಿಷಯ ಹೇಳಬೇಕು.

ಯಡಿಯೂರು ಕೆರೆಯಿಂದ ಎರಡು ಬೀದಿ ಈಚೆಗೆ ಬೋರಣ್ಣನ ಮನೆ. ಯಡಿಯೂರು ಹಳ್ಳಿಯಾಗಿದ್ದಾಗ ಅಲ್ಲೇ ರಾಗಿ ಬೆಳೆದವನು. ಈಗ ಅದೇ ನೆಲದ ಮೇಲೆ ಮೂರು ಬಾಡಿಗೆ ಮನೆ ಕಟ್ಟಿಸಿ, ಮುಂದುಗಡೆ ಪೇಂಟ್ ಅಂಗಡಿ ಇಟ್ಟಿದ್ದ. ಅವನ ಒಬ್ಬಳೇ ಮಗಳು ವಾರಿಜಾ ಕುಮಾರಸ್ವಾಮಿ ಲೇಔಟಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದು, ಆಯುಧಪೂಜೆಯಾದ ವಾರ ಹೆಣ್ಣು ಹೆತ್ತು, ಹಿಂದಿನ ಕೋಣೆ ಸೇರಿದಳು.

ಸೇರಿದವಳು ಮತ್ತೆ ಹೊರಗೆ ಬಂದಿರಲಿಲ್ಲ. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿತ್ತು. ಮಂಚದ ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಆಗಾಗ ಒಂದು ಚಿಟಿಕೆ ಸಾಂಬ್ರಾಣಿ. ತಲೆ, ಕಿವಿ ಸೇರಿಸಿ ಬಿಗಿದ ಉಣ್ಣೆಯ ಸ್ಕಾರ್ಫು. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಹಳೆ ಅಕ್ಕಿ ಅನ್ನ. ನೀರು ಕೇಳಿದರೆ ಅರ್ಧ ಲೋಟ, ಅದೂ ಕುದಿಸಿದ್ದು. ಓದಬಾರದು, ಬರೆಯಬಾರದು, ಟಿವಿ ನೋಡಬಾರದು, ಕಣ್ಣು ಹೋಗುತ್ತದೆ. ಗಂಡ ಕೆಂಪರಾಜು ಭಾನುವಾರ ಬಂದರೆ ಬಾಗಿಲಲ್ಲೇ ನಿಂತು ಮಗು ನೋಡಿ, ಕಾಫಿ ಕುಡಿದು ಹೋಗಬೇಕು. ವಾರಿಜಾಳಿಗೆ ಇದ್ದ ದಾರಿಯೆಂದರೆ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಹನ್ನೊಂದು ಹೆಜ್ಜೆ. ಅವಳು ಎಣಿಸಿದ್ದಳು.

ತಾಯಿ ಲಕ್ಷ್ಮಿದೇವಮ್ಮ ಕೆಟ್ಟವಳಲ್ಲ, ಹೆದರಿದವಳು. ಮೂವತ್ತು ವರ್ಷದ ಹಿಂದೆ ಅವಳ ತಂಗಿ ಸೀತಾಲಕ್ಷ್ಮಿ ಹೆತ್ತ ನಲವತ್ತನೆಯ ದಿನ, ಸೆಖೆ ಅಂತ ಹೊರಗೆ ಬಂದವಳು, ಕಾಣದ ಯಾರನ್ನೋ ಮಾತಾಡಿಸುತ್ತ ಕೆರೆ ಕಡೆಗೆ ನಡೆದುಹೋಗಿದ್ದಳು. ಸಂಜೆ ಜನ ಹುಡುಕಿಕೊಂಡು ಹೋದಾಗ ನೀರಿನ ಮೇಲೆ ಮೊದಲು ಕಂಡದ್ದು ಅವಳ ಸೆರಗು. ಬಾಣಂತಿ ಸನ್ನಿ, ಎಂದರು ಊರವರು. ಹೆತ್ತ ಹೆಂಗಸಿನ ತಲೆ ಕೆಡಿಸುವ ಕಾಯಿಲೆ. ಅಂದಿನಿಂದ ಲಕ್ಷ್ಮಿದೇವಮ್ಮನಿಗೆ ಬಾಣಂತನವೆಂದರೆ ಒಂದೇ ಲೆಕ್ಕ: ಎಲ್ಲ ನೆಟ್ಟಗಿದ್ದರೆ ಮೂರು ತಿಂಗಳು, ಒಂದಿಷ್ಟು ಅನುಮಾನ ಬಂದರೂ ಐದು.

ವಾರಿಜಾಳಿಗೆ ಐದಾಗುವ ಹಾಗಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗಂಗಾಧರಯ್ಯನವರದ್ದು ಮದುವೆ ಕಾರ್ಡು ಮಾಡುವ ಡಿಟಿಪಿ ಅಂಗಡಿ. ಏಳು ವರ್ಷ ಅಲ್ಲಿ ಕೂತು ಕಾರ್ಡು ಕಂಪೋಸ್ ಮಾಡಿದ್ದಳು. ಸಂಕ್ರಾಂತಿ ಆದ ವಾರ ಬಂದರೆ ಕುರ್ಚಿ ನಿನ್ನದು, ಮಾಘದ ಮದುವೆಗಳು ಶುರುವಾದ ಮೇಲೆ ಕಾಯಲು ಆಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಮೂರು ತಿಂಗಳು ತುಂಬುವುದು ಸರಿಯಾಗಿ ಆ ವಾರಕ್ಕೆ. ಮಗುವನ್ನು ಅರ್ಧ ದಿನ ನೋಡಿಕೊಳ್ಳಲು ಅತ್ತೆ ಒಪ್ಪಿದ್ದರು. ಎಲ್ಲ ಕೂಡಿಬಂದಿತ್ತು, ಅವಳು ಮೂರು ತಿಂಗಳು ಯಾರಿಗೂ ಅನುಮಾನ ಬಾರದ ಹಾಗೆ ಇದ್ದುಬಿಟ್ಟರೆ.

ಆ ಕೋಣೆಯ ಮೂಲೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಒಂದು ಕಂಪ್ಯೂಟರ್ ಕೂತಿತ್ತು. ಅಂಗಡಿಗೆ ಹೊಸದು ಬಂದಾಗ, ವಾರಿಜಾಳ ಮದುವೆಗೆಂದು ಗಂಗಾಧರಯ್ಯನವರು ಕೊಟ್ಟ ಹಳೆಯದು. ಲಕ್ಷ್ಮಿದೇವಮ್ಮ ಅದರ ಮೇಲೆ ಮಗುವಿನ ಪೌಡರ್ ಡಬ್ಬಿ, ಹರಳೆಣ್ಣೆ ಬಟ್ಟಲು ಇಟ್ಟಿದ್ದಳು. ಒಳಗೆ ಅಂಗಡಿಯ ಹಳೆಯ ಮದುವೆ ಕಾರ್ಡುಗಳೆಲ್ಲ ಹಾಗೇ ಇದ್ದವು. ಜೊತೆಗೆ ಅಂಗಡಿಯ ಡಿಸೈನರ್ ಮುತ್ತುರಾಜ ಹಾಕಿಟ್ಟಿದ್ದ ಒಂದು ಗೇಮು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅಂಗಡಿಯಲ್ಲಿ ಎಲ್ಲರೂ ದೊಡ್ಡ ಗೇಮು ಅನ್ನುತ್ತಿದ್ದರು.

ಅದು ನಿಜಕ್ಕೂ ದೊಡ್ಡದು. ಬೆಟ್ಟ, ಕಾಡು, ಕೋಟೆ, ಸಂತೆ, ದೆವ್ವದ ಗುಹೆ, ಮಾತಾಡುವ ಮರ; ಮುತ್ತುರಾಜ ಎರಡು ವರ್ಷ ಆಡಿಯೂ ಅರ್ಧ ನಾಡು ಕಂಡಿರಲಿಲ್ಲ. ಆಡುವವರು ಯಾರಾದರೂ ಆಗಬಹುದು, ಯೋಧ, ಮಾಂತ್ರಿಕ, ಕಳ್ಳ. ವಾರಿಜಾ ಬೇರು-ಸೊಪ್ಪು ಆಯುವ ಒಬ್ಬ ಹೆಂಗಸಾದಳು. ಹೆಸರು ಕೇಳಿದಾಗ, ಮಗುವಿಗೇ ಇನ್ನೂ ಹೆಸರಿಟ್ಟಿಲ್ಲವೆಂದು ಸುಮ್ಮನೆ ‘ಅವಳು’ ಎಂದು ಟೈಪ್ ಮಾಡಿದಳು. ಅವಳು ಯಾರ ಜೊತೆಗೂ ಕಾದಾಡುತ್ತಿರಲಿಲ್ಲ. ತೋಳ ಬಂದರೆ ಓಡುತ್ತಿದ್ದಳು. ರಾಜನನ್ನು ಕೊಂದವರು ಯಾರೆಂದು ಹುಡುಕುವ ದೊಡ್ಡ ಕೆಲಸವೊಂದನ್ನು ಒಬ್ಬ ಮುದುಕ ಒಪ್ಪಿಸಿದ್ದ. ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ನಕ್ಷೆಯ ತೀರಾ ಕೆಳಗೆ ಸಮುದ್ರವಿತ್ತು. ಉತ್ತರದ ಬೆಟ್ಟದಿಂದ ಅಲ್ಲಿಗೆ ನಡೆದುಹೋಗಬೇಕು, ಅಷ್ಟೇ ಅವಳ ಆಸೆ.

ಮಧ್ಯಾಹ್ನ ಎರಡರಿಂದ ನಾಲ್ಕು, ತಾಯಿ ಹಾಲ್‌ನಲ್ಲಿ ಚಾಪೆ ಹಾಕಿ ಮಲಗುವ ಹೊತ್ತು. ಮಗು ಎಣ್ಣೆ ನೀರಿನ ನಿದ್ದೆಯಲ್ಲಿ. ಆಗ ವಾರಿಜಾ ಎಣ್ಣೆ ಬಟ್ಟಲು ಕೆಳಗಿಟ್ಟು, ಬಟ್ಟೆ ಸರಿಸಿ, ಸ್ವಿಚ್ ಹಾಕುತ್ತಿದ್ದಳು. ಕಂಪ್ಯೂಟರ್ ಮುಲುಕುತ್ತ ಏಳಲು ಆರು ನಿಮಿಷ. ಗೇಮು ತೆರೆಯಲು ಇನ್ನೊಂದು ಎಂಟು. ಹಳೆಯ ಮೆಷಿನ್ನು ಅಷ್ಟು ದೊಡ್ಡ ನಾಡನ್ನು ಒಟ್ಟಿಗೆ ತೋರಿಸಲಾರದು. ಇಪ್ಪತ್ತು ಹೆಜ್ಜೆಯ ಆಚೆ ಎಲ್ಲವೂ ಬಿಳಿ ಮಂಜು. ನಡೆದಷ್ಟು ನಡೆದಷ್ಟು ಒಂದು ಮರ, ಒಂದು ಬೇಲಿ ಮಂಜಿನಿಂದ ಹೊರಬರುತ್ತಿತ್ತು. ಆದರೂ ಅದು ಹನ್ನೊಂದು ಹೆಜ್ಜೆಗಿಂತ ಹೆಚ್ಚು.

ತೊಂದರೆ ಇದ್ದದ್ದು ಜಾಗದ್ದು. ಎಲ್ಲಿಯವರೆಗೆ ಬಂದೆ ಎನ್ನುವುದನ್ನು ಗೇಮು ಪ್ರತಿಸಲ ಉಳಿಸಿಕೊಳ್ಳಬೇಕು, ಮತ್ತು ನಡೆದ ನಾಡು ಹೆಚ್ಚಿದಷ್ಟೂ ಅದು ಕೇಳುವ ಜಾಗ ಹೆಚ್ಚು. ಹಾರ್ಡ್ ಡಿಸ್ಕು ಮದುವೆಗಳಿಂದ ತುಂಬಿಹೋಗಿತ್ತು. ಹಾಗಾಗಿ ದಿನಕ್ಕೊಂದು ಕಾರ್ಡು, ಬಣ್ಣದ ಗಣಪತಿಯ ಸಮೇತ, ಅಳಿಸಬೇಕು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿದು ಜಾಗ ತಿನ್ನುತ್ತದೆಂದು ಬುಟ್ಟಿಯನ್ನೂ ಖಾಲಿ ಮಾಡಬೇಕು. ಬನಶಂಕರಿಯ ಒಂದು ಮದುವೆಯಿಂದ ಕಾಡು ದಾಟಿದಳು. ಸಾರಕ್ಕಿಯ ಎರಡು ಮದುವೆ, ಒಂದು ಉಪನಯನದಿಂದ ಜವುಗು ನೆಲ ಮುಗಿಯಿತು. ಪಾಪವೇನೂ ಅನ್ನಿಸಲಿಲ್ಲ. ಎಲ್ಲರೂ ಮದುವೆಯಾಗಿ ಮಕ್ಕಳು ಮಾಡಿಕೊಂಡಿರುವವರೇ.

ಈ ಗುಟ್ಟು ಒಬ್ಬಳಿಗೆ ಗೊತ್ತಿತ್ತು. ಬಾಣಂತಿಗೂ ಮಗುವಿಗೂ ನೀರು ಹಾಕಲು ಬರುವ ದುಂಡವ್ವ. ಬಾಗಲಕೋಟೆ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಮಗನ ಜೊತೆ ಬಾಡಿಗೆಗಿದ್ದು, ಐದು ಮನೆಯ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದಳು. ನಲ್ಲಿ ನೀರು ಬಾರದೆ ಒಂದು ದಿನ ಬೆಳಗಿನ ಬದಲು ಸಂಜೆ ನಾಲ್ಕಕ್ಕೆ ಬಂದವಳು, ಎಣ್ಣೆ ಬಟ್ಟಲು ಎತ್ತಿಕೊಳ್ಳಲು ಹೋಗಿ ಕೈ ಹಿಂದೆಳೆದಳು.

“ಯವ್ವಾ, ಈ ಪೆಟ್ಟಿಗಿ ಬಾಣಂತಿಗಿಂತ ಬೆಚ್ಚಗೈತಲ್ಲ!”

ವಾರಿಜಾಳ ಮುಖ ನೋಡಿದಳು. ಮತ್ತೇನೂ ಕೇಳದೆ ಬಟ್ಟೆ ಎತ್ತಿ, “ತೋರ್ಸು,” ಎಂದಳು. ತೋರಿಸಿದ ಮೇಲೆ ಬಹಳ ಹೊತ್ತು ನೋಡಿ, “ಇಷ್ಟು ಭೂಮಿ ಬೀಳು ಬಿಟ್ಟಾರಲ್ಲ, ಉಳಾಕ ಯಾರೂ ಇಲ್ಲೇನು?” ಎಂದಳು. ಲಕ್ಷ್ಮಿದೇವಮ್ಮನಿಗೆ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಗಂಗಾಧರಯ್ಯನವರ ಫೋನ್ ಬಂತು. ಬಾಣಂತಿಯ ಕಿವಿ ಬಿಚ್ಚುವ ಹಾಗಿಲ್ಲವಲ್ಲ. ಲಕ್ಷ್ಮಿದೇವಮ್ಮನೇ ವೈರು ಎಳೆದುಕೊಂಡು ಬಾಗಿಲಿಗೆ ಬಂದು ನಿಂತು, ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳಿದಳು.

“ತೊಟ್ಟಿಮನೆಯೋರ ಕಾರ್ಡು ಬೇಕಂತೆ ಕಣೆ. ಮೂರು ವರ್ಷದ ಹಿಂದೆ ದೊಡ್ಡ ಮಗಳದ್ದು ನೀನೇ ಮಾಡಿದ್ದಂತೆ. ಈಗ ಚಿಕ್ಕವಳದ್ದಂತೆ.”

“ಅಂಗಡೀಲೇ ಇರ್ಬೇಕಲ್ಲ?”

“ಅಂಗಡೀಲೇ ಇರ್ಬೇಕಂತಲ್ಲ ಸಾರ್... ಹ್ಞಾಂ... ಇಲ್ವಂತೆ. ಅದೆಂಥದ್ದೋ ವೈರಸ್ಸು ಬಂದು ಹಳೇದೆಲ್ಲ ಹೋಯ್ತಂತೆ. ನಿನ್ನ ಹತ್ರ ಇರೋದೊಂದೇ ಅಂತಾರೆ. ಹೋದ ಸಲ ಇದ್ದ ಹಾಗೇ ನೆಂಟರ ಹೆಸರು ಸಾಲಾಗಿ ಬರ್ಬೇಕಂತೆ, ಒಂದು ಆಚೆ ಈಚೆ ಆದ್ರೂ ಕಾರ್ಡು ಬೇರೆ ಅಂಗಡಿಗಂತೆ. ನಾಡಿದ್ದು ಶುಕ್ರವಾರ ಜನ ಕಳಿಸ್ತಾರಂತೆ, ಫ್ಲಾಪಿಲಿ ಹಾಕ್ಕೊಡು ಅಂತಾರೆ... ಸಾರ್, ಬಾಣಂತಿ ಸಾರ್, ಕಣ್ಣಿಗೆ... ಐದೇ ನಿಮಿಷನಾ? ಐದು ಅಂದ್ರೆ ಐದೇ.” ಫೋನಿಗೆ ಕೈ ಅಡ್ಡ ಇಟ್ಟು ದನಿ ತಗ್ಗಿಸಿದಳು. “ಇದು ಮಾಡ್ಕೊಟ್ರೆ ಸಂಕ್ರಾಂತಿ ಆದ್ಮೇಲೆ ಕಣ್ಮುಚ್ಕೊಂಡು ಬಾ ಅಂತಾರೆ. ಇಲ್ದಿದ್ರೆ ಅದ್ಯಾರೋ ಉಮಾಶ್ರೀ ಅಂತ ಹೊಸ ಹುಡುಗಿ, ಅವಳನ್ನೇ ಖಾಯಂ ಮಾಡ್ತಾರಂತೆ.”

ಮದುವೆ ಕಾರ್ಡಿನ ಕೆಲಸ ಬಲ್ಲವರಿಗೆ ಈ ನೆಂಟರ ಸಾಲು ಏನೆಂದು ಗೊತ್ತು. ಸುಖಾಗಮನ ಬಯಸುವವರು ಎಂದು ಕಾರ್ಡಿನ ಕೆಳಗೆ ಬರುತ್ತದಲ್ಲ, ಅದು. ಯಾರ ಹೆಸರು ಯಾರಿಗಿಂತ ಮೇಲೆ ಎಂದು ತೊಟ್ಟಿಮನೆಯಲ್ಲಿ ಒಂದು ತಿಂಗಳು ಜಗಳವಾಗಿ, ಹನ್ನೊಂದು ಸಲ ಪ್ರೂಫು ತಿದ್ದಿ, ಕೊನೆಗೆ ಅಜ್ಜಿಯೊಬ್ಬಳು ಅನ್ನ ಬಿಟ್ಟ ಮೇಲೆ ತೀರ್ಮಾನವಾದ ಅರವತ್ತೊಂದು ಹೆಸರು. ಆ ಸಾಲು ಕಾರ್ಡಿಗಿಂತ ದೊಡ್ಡದು. ಮುಂದಿನ ಮದುವೆಗೆ ಅದನ್ನೇ ತೆಗೆದು ವಧೂವರರ ಹೆಸರು ಬದಲಿಸುವುದು ಅಂಗಡಿಗಳ ಪದ್ಧತಿ. ಅಚ್ಚಾದ ಕಾರ್ಡು ಯಾರ ಮನೆಯಲ್ಲಿ ಉಳಿಯುತ್ತದೆ?

ತಾಯಿ ಕೊಟ್ಟ ಐದು ನಿಮಿಷದಲ್ಲಿ ವಾರಿಜಾ ಕಂಪ್ಯೂಟರ್ ಮುಂದೆ ಕೂತಳು. ಹುಡುಕುವ ಅಗತ್ಯವಿರಲಿಲ್ಲ. ನಿನ್ನೆ ನದಿ ದಾಟಲು ಅಳಿಸಿದ್ದು ತೊಟ್ಟಿಮನೆಯನ್ನೇ.

“ಇದೆಯೇನೇ?”

“ಇದೆಯಮ್ಮ. ನಾಳೆ ಹಾಕಿಡ್ತೀನಿ.”

ಅಂದು ಮಧ್ಯಾಹ್ನ ಗೇಮು ತೆರೆಯಲಿಲ್ಲ. ಕಣ್ಣು ಮುಚ್ಚಿ ಆ ಹನ್ನೊಂದು ಪ್ರೂಫು ನೆನಪಿಸಿಕೊಂಡು ಟೈಪ್ ಮಾಡತೊಡಗಿದಳು. ಕೈಗೆ ನೆನಪಿತ್ತು, ಹೆಸರು ತಾವಾಗಿಯೇ ಬಂದವು. ನಲವತ್ತಾದಾಗ ಉಳಿಸಲು ಹೋದರೆ, ಜಾಗವಿಲ್ಲ ಎಂದಿತು ಕಂಪ್ಯೂಟರ್. ಇನ್ನು ಅಳಿಸಲು ಉಳಿದದ್ದು ಎರಡೇ. ಒಂದು, ಗೇಮಿನಲ್ಲಿ ಇಷ್ಟು ದಿನದ ನಡಿಗೆ. ನಕ್ಷೆಯ ಪ್ರಕಾರ ಸಮುದ್ರಕ್ಕೆ ಇನ್ನೊಂದು ಮಧ್ಯಾಹ್ನದ ದಾರಿ. ಇನ್ನೊಂದು, ಅವಳದೇ ಮದುವೆ ಕಾರ್ಡು. ಕೆಂಪರಾಜುವಿನ ಹೆಸರಿನ ಪಕ್ಕ ಬಣ್ಣದ ನವಿಲು ತಾನೇ ಆರಿಸಿ ಹಾಕಿದ್ದು. ಸ್ವಲ್ಪ ಹೊತ್ತು ಎರಡನ್ನೂ ನೋಡಿದಳು. ಮದುವೆಯಂತೂ ಆಗಿಹೋಗಿದೆ ಎಂದುಕೊಂಡು ನವಿಲನ್ನು ಅಳಿಸಿದಳು. ಹೆಸರುಗಳನ್ನು ಉಳಿಸಲು ಮತ್ತೆ ಬೆರಳು ಒತ್ತುವಷ್ಟರಲ್ಲಿ ಕರೆಂಟು ಹೋಯಿತು, ಟೈಪ್ ಮಾಡಿದ ನಲವತ್ತು ಹೆಸರೂ ಹೋದವು.

ಗುರುವಾರವೂ ಕರೆಂಟು ಬರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಬೋರಣ್ಣ ಹಾಲ್‌ನಿಂದ ಕೂಗಿ ಹೇಳಿದ. ಬರೆದಿಡೋಣವೆಂದರೆ ಕೋಣೆಯಲ್ಲಿ ಒಂದು ಪೆನ್ಸಿಲ್ಲಿಲ್ಲ. ಕೇಳಿದರೆ ಯಾಕೆ ಅನ್ನುತ್ತಾರೆ. ನಿನ್ನೆ ಸಲೀಸಾಗಿ ಬಂದ ಹೆಸರು ಇವತ್ತು ಅಲ್ಲಲ್ಲಿ ಜಾರುತ್ತಿದ್ದವು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಕತ್ತಲೆ ಕೋಣೆಯಲ್ಲಿ ತೂಗುತ್ತ, ಬಾಯಲ್ಲಿ ಹೇಳಿಕೊಳ್ಳತೊಡಗಿದಳು. ಶ್ರೀಮತಿ ಮತ್ತು ಶ್ರೀ ಹನುಮಂತರಾಯಪ್ಪ, ಹುಳಿಮಾವು. ಇನ್ನೂ ಕೆಳಗೆ, ಶ್ರೀಮತಿ ಗೌರಮ್ಮ ಮತ್ತು ದಿವಂಗತ ಪಿಳ್ಳಪ್ಪನವರ ಮಕ್ಕಳು. ಹೇಳುತ್ತ ಹೇಳುತ್ತ ದನಿ ಎದ್ದದ್ದು ಅವಳಿಗೆ ತಿಳಿಯಲಿಲ್ಲ. ಕಿವಿ ಕಟ್ಟಿತ್ತು.

ಬಾಗಿಲಲ್ಲಿ ಲಕ್ಷ್ಮಿದೇವಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಯಾರ ಜೊತೆ ಮಾತಾಡ್ತಿದ್ದೀಯೇ?”

“ಯಾರ ಜೊತೇನೂ ಇಲ್ಲಮ್ಮ.”

“ಹನುಮಂತರಾಯಪ್ಪ ಯಾರು?”

“ಗೊತ್ತಿಲ್ಲ. ನೋಡಿಲ್ಲ.”

“ನೋಡದೋರನ್ನ ಕರೀತಿದ್ದೀಯಾ?”

“ನಾನೆಲ್ಲಿ ಕರೀತಿದ್ದೀನಿ? ಅವರು ಕರೆಯೋರು. ಮದುವೆಗೆ.”

“ಯಾರ ಮದುವೆ?”

“ಅದು ಆಗೋಗಿದೆಯಮ್ಮ. ಮೊನ್ನೆ ನಾನೇ ಅಳಿಸ್ಬಿಟ್ಟೆ.”

ಒಂದೊಂದು ಮಾತೂ ನಿಜವೇ. ಆದರೆ ತಾಯಿಯ ಮುಖ ನೋಡಿದ ಹಾಗೆಲ್ಲ ವಾರಿಜಾಳಿಗೆ ಗಾಬರಿ ಹೆಚ್ಚಿ, ಇನ್ನಷ್ಟು ನಿಜ ಹೇಳಿಬಿಟ್ಟಳು. ಗೇಮಿನ ವಿಷಯ, ಮಧ್ಯಾಹ್ನಗಳ ವಿಷಯ, ಮಂಜಿನ ವಿಷಯ. “ಸುಮ್ನೆ ನಡೀತಿದ್ದೆ ಅಷ್ಟೇ ಅಮ್ಮ. ಯಾರಿಗೂ ಏನೂ ಮಾಡಿಲ್ಲ. ನದಿ ಒಂದು ಅಡ್ಡ ಬಂತು.”

“ಎಲ್ಲಿಗೆ ಹೊರಟಿದ್ದೆ?”

“ಸಮುದ್ರಕ್ಕೆ.”

ಲಕ್ಷ್ಮಿದೇವಮ್ಮ ಒಳಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ವಾರಿಜಾಳಿಗೆ ಧೈರ್ಯವಿರುತ್ತಿತ್ತು. ಮಗುವನ್ನು ಅವಳ ಮಡಿಲಿನಿಂದ ಎತ್ತಿಕೊಂಡು, ಹೊರಗಿನಿಂದ ಚಿಲಕ ಹಾಕಿದಳು. ಆಚೆಯಿಂದ ಗಂಡನಿಗೆ ಹೇಳುವುದು ಕೇಳಿಸಿತು. “ಐದು ತಿಂಗಳು. ಬೀಗರಿಗೆ ಫೋನ್ ಮಾಡಿ ಹೇಳ್ಬಿಡಿ.”

ಅಂದು ಹಾಲಿನ ಹೊತ್ತಿಗೆ ಮಾತ್ರ ಮಗು ಬಂತು. ಪ್ರತಿಸಲವೂ ಅಮ್ಮ ಪಕ್ಕದಲ್ಲೇ ಕೂತು ಕಾದು, ಮತ್ತೆ ಎತ್ತಿಕೊಂಡು ಹೋದಳು. ಹನ್ನೊಂದು ಹೆಜ್ಜೆಯೂ ಈಗ ಒಬ್ಬಳದಲ್ಲ. ಬಚ್ಚಲಿಗೆ ಹೋದರೂ ಹಿಂದೆ ಅಮ್ಮ. ವಾರಿಜಾ ಹೆಸರು ಹೇಳಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬಾಯಿ ಮುಚ್ಚಿ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ದುಂಡವ್ವ ಬಂದಳು. ಬಾಗಿಲಲ್ಲೇ ಲಕ್ಷ್ಮಿದೇವಮ್ಮ ಅವಳ ಕೈ ಹಿಡಿದು ಎಲ್ಲ ಹೇಳಿ ಅತ್ತಳು. ಎಷ್ಟೋ ಬಾಣಂತಿಯರನ್ನು ಕಂಡವಳು ನೀನು, ನೋಡಿ ಹೇಳು ಎಂದಳು. ದುಂಡವ್ವ ಒಳಗೆ ಬಂದು ವಾರಿಜಾಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ನೋಡಿದಳು, ಅಂಗಾಲು ಒತ್ತಿದಳು. ಸನ್ನಿ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಈ ತಾಯಿ ನಂಬುವವಳಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಹೆದರಿದವರ ಕೈಗೆ ಮಾಡಲು ಏನಾದರೂ ಕೆಲಸ ಕೊಡಬೇಕು.

“ಹಿಂಗ ನೋಡಿದ್ರ ತಿಳ್ಯಾಂಗಿಲ್ರೀ ಅಕ್ಕಾರ. ಸನ್ನಿ ಹಿಡದೋರು ಮಾತಾಡ್ತಾರ, ಖರೆ. ಆದ್ರ ಒಮ್ಮಿ ಆಡಿದ್ದು ಇನ್ನೊಮ್ಮಿ ಹಂಗ ಆಡಂಗಿಲ್ಲ. ಆಕಿ ಆ ಹೆಸರು ಹೇಳ್ಲಿ, ನೀವು ಬರಕೊಳ್ರಿ. ನೀರು ಹಾಕಿದ ಮ್ಯಾಲ ಮತ್ತೊಮ್ಮಿ ಹೇಳ್ಸೂಣು. ಸಾಲು ತಪ್ಪಲಿಲ್ಲಂದ್ರ ತಲಿ ನೆಟ್ಟಗೈತಿ. ತಪ್ಪಿತಂದ್ರ ಐದಲ್ಲ, ಏಳು ತಿಂಗಳು ಇಡ್ರಿ, ನಾನ ಬಂದು ಎರೀತೀನಿ.”

ಅಂಥ ಪರೀಕ್ಷೆ ಯಾವ ಊರಿನಲ್ಲೂ ಇರಲಿಲ್ಲ. ಅಲ್ಲಿ ನಿಂತು ಹೊಸೆದದ್ದು. ಲಕ್ಷ್ಮಿದೇವಮ್ಮ ಏಳನೇ ಕ್ಲಾಸು ಓದಿದವಳು. ಪೇಂಟ್ ಅಂಗಡಿಯಿಂದ ಒಂದು ಹಾಳೆ, ಪೆನ್ಸಿಲ್ಲು ತಂದು ನೆಲದ ಮೇಲೆ ಕೂತಳು.

ವಾರಿಜಾ ಹೇಳಿದಳು. ನಡುನಡುವೆ ಅಂಗಡಿಯ ಚಾಳಿ ಬಾಯಿಗೆ ಬಂತು. “ಈ ಯಜಮಾನ್ರಿಗೆ ಆಗ್ಲೇ ಹುಷಾರಿರಲಿಲ್ಲ, ಈಗ ಇದಾರೋ ಇಲ್ವೋ, ಪಕ್ಕದಲ್ಲೊಂದು ಪ್ರಶ್ನೆ ಹಾಕಮ್ಮ, ಕೇಳ್ಕೊಳ್ಳಲಿ. ಹನುಮಂತರಾಯಪ್ಪ ದೊಡ್ಡ ಸೊಸೆ ತಂದೆ. ಚಿಕ್ಕಮುನಿಯಪ್ಪ, ಬೇಗೂರು, ಚಿಕ್ಕ ಸೊಸೆ ತಂದೆ. ‘ಯ’ಗೆ ಒತ್ತು ಬೇಡ. ಈ ಸಾಲಿಗೇ ಆ ಮನೆ ಅಜ್ಜಿ ಅನ್ನ ಬಿಟ್ಟಿದ್ದು.” ಅರವತ್ತೊಂದು ಮುಗಿಯಲು ಮುಕ್ಕಾಲು ಗಂಟೆ.

ಎಣ್ಣೆ ನೀರಾಯಿತು. ಸುಡುಸುಡುವ ನೀರನ್ನು ಚೊಂಬಿನಲ್ಲಿ ಬೆನ್ನಿಗೆ ಎರಚುತ್ತ ದುಂಡವ್ವ ಮೆಲ್ಲಗೆ, “ತಪ್ಪಬ್ಯಾಡ ನನ್ನವ್ವ. ನಂಗೂ ಏಳು ತಿಂಗಳು ಈ ಬಚ್ಚಲ ಬ್ಯಾಡ,” ಎಂದಳು.

ಎರಡನೆಯ ಸಲ. ಮೈಯೆಲ್ಲ ಕೆಂಪಾಗಿ, ತಲೆ ತಿರುಗುವ ಸುಸ್ತಿನಲ್ಲಿ, ಕಂಬಳಿ ಹೊದ್ದು ವಾರಿಜಾ ಶುರು ಮಾಡಿದಳು. ಲಕ್ಷ್ಮಿದೇವಮ್ಮನ ಪೆನ್ಸಿಲ್ಲು ಒಂದೊಂದು ಹೆಸರಿನ ಪಕ್ಕ ಟಿಕ್ ಹಾಕುತ್ತ ಇಳಿಯಿತು. ಇಪ್ಪತ್ತು. ಮೂವತ್ತು. ನಲವತ್ತು.

“ಶ್ರೀಮತಿ ಮತ್ತು ಶ್ರೀ ಚಿಕ್ಕಮುನಿಯಪ್ಪ, ಬೇಗೂರು. ಶ್ರೀಮತಿ ಮತ್ತು ಶ್ರೀ ಹನುಮಂತರಾಯಪ್ಪ, ಹುಳಿಮಾವು.”

ಪೆನ್ಸಿಲ್ಲು ನಿಂತಿತು.

ವಾರಿಜಾಳಿಗೆ ತಕ್ಷಣ ತಿಳಿಯಿತು. ಯಾವುದು ಮೊದಲು ಎಂದು ಈಗ ಎಷ್ಟು ಕೆದಕಿದರೂ ತಲೆಯಲ್ಲಿ ಎರಡೂ ಒಂದೇ ಮಟ್ಟದಲ್ಲಿ ನಿಂತಿದ್ದವು. ದುಂಡವ್ವ ಮಗುವಿನ ತೊಟ್ಟಿಲ ಕಡೆ ತಿರುಗಿಕೊಂಡಳು. ಅವಳಿಗೆ ಓದು ಬಾರದು, ಆದರೆ ನಿಂತ ಪೆನ್ಸಿಲ್ಲು ಕಂಡಿತ್ತು. ಲಕ್ಷ್ಮಿದೇವಮ್ಮ ಹಾಳೆ ನೋಡಿದಳು, ಮಗಳನ್ನು ನೋಡಿದಳು. ಪ್ರಶ್ನೆ ಗುರುತು ಹಾಕಿಸಿದ ಯಜಮಾನರ ಹೆಸರಿನ ಮೇಲೆ ಒಮ್ಮೆ ಬೆರಳು ಆಡಿಸಿದಳು. ತಲೆ ಕೆಟ್ಟವಳಿಗೆ ಇಂಥ ಎಚ್ಚರ ಎಲ್ಲಿಂದ ಬರಬೇಕು?

“ಮುಂದಕ್ಕೆ ಹೇಳು,” ಎಂದಳು. ಪೆನ್ಸಿಲ್ಲು ಎರಡು ಟಿಕ್ ಹಾಕಿತು.

ಮುಗಿದ ಮೇಲೆ ದುಂಡವ್ವ, “ಹ್ಯಾಂಗ್ರೀ ಅಕ್ಕಾರ?” ಎಂದಳು.

“ಎಲ್ಲ ಸರಿಯಾಗಿದೆ.” ಲಕ್ಷ್ಮಿದೇವಮ್ಮ ಎದ್ದಳು. “ಮೂರು ತಿಂಗಳಿಗೇ ಕಳಿಸ್ತೀನಿ. ಆದರೆ ಆ ಪೆಟ್ಟಿಗೆ ಈ ಕ್ಷಣ ಈ ಕೋಣೆಯಿಂದ ಹೋಗ್ಬೇಕು. ರೀ, ಬನ್ನಿ ಇಲ್ಲಿ!”

“ಅಮ್ಮ, ಒಂದೇ ಒಂದು ಮಧ್ಯಾಹ್ನ...”

“ನೀರಿನ ಹತ್ರ ಬೇಡ ಕಣೆ,” ಎಂದಳು ತಾಯಿ. ಅದು ಗದರಿಕೆಯ ದನಿಯಲ್ಲ.

ಬೋರಣ್ಣ ವೈರು ಕಿತ್ತು, ಮೊದಲು ಟಿವಿಯಂಥದ್ದನ್ನು, ಆಮೇಲೆ ಡಬ್ಬಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಪೇಂಟ್ ಅಂಗಡಿಯ ಅಟ್ಟಕ್ಕೆ ಒಯ್ದ. ಮಂಜಿನಲ್ಲಿ ನಿಂತ ಆ ಹೆಂಗಸೂ ಹೋದಳು. ವಾರಿಜಾ ಮಂಚದ ಮೇಲೆ ಕೂತು ನೋಡುತ್ತಿದ್ದಳು.

ಹನ್ನೊಂದಕ್ಕೆ ಅಂಗಡಿಯ ಜನ ಬರಬೇಕು. ಎಲ್ಲರೂ ಹೊರಗೆ ಹೋದ ಮೇಲೆ ಲಕ್ಷ್ಮಿದೇವಮ್ಮ ಹಾಳೆ ಹಿಡಿದು ಮತ್ತೆ ಒಳಗೆ ಬಂದು, ಬಾಗಿಲು ಮುಂದೆ ಮಾಡಿದಳು.

“ನಿಜ ಹೇಳು. ಬೇಗೂರು ಮೊದಲೋ, ಹುಳಿಮಾವು ಮೊದಲೋ?”

“ಗೊತ್ತಾಗ್ತಿಲ್ಲಮ್ಮ. ಸತ್ಯವಾಗಲೂ.”

“ಹುಳಿಮಾವಿನೋರು ದೊಡ್ಡ ಸೊಸೆ ತವರು ಅಂದೆಯಲ್ಲ.”

“ಹೌದು.”

“ಹಾಗಾದ್ರೆ ಅವರೇ ಮೊದಲು. ದೊಡ್ಡವಳ ತವರನ್ನ ಕೆಳಗೆ ಹಾಕಿದ್ರೆ ಆ ಅಜ್ಜಿ ಇನ್ನೊಂದು ಸಲ ಅನ್ನ ಬಿಡ್ತಾಳೆ.” ಮೊದಲ ಸಲ ಬರೆದದ್ದು ಹಾಗೇ ಇತ್ತು. ಪಕ್ಕದ ಟಿಕ್ಕುಗಳನ್ನು ಇನ್ನೊಮ್ಮೆ ಒತ್ತಿ ತಿದ್ದಿ, ಫ್ಲಾಪಿಯ ಬದಲು ಅಂಗಡಿಯವರಿಗೆ ಅದನ್ನೇ ಕೊಡಲು ಹಾಳೆಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ಹಾಲ್‌ನಿಂದ ತನ್ನ ಚಾಪೆ ತಂದು, ಕೋಣೆಯ ಒಳಗೇ, ಬಾಗಿಲಿಗೆ ಅಡ್ಡವಾಗಿ ಹಾಸಿದಳು.

“ಇನ್ನು ಇಪ್ಪತ್ತು ದಿನ,” ಎಂದಳು. “ಕಣ್ಣು ಮುಚ್ಚು.”